ಮಾದಾಪುರದ ಅಜ್ಜಿಯ ಮಾತ್ರೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್

ಹೋದ ಸೆಮಿಸ್ಟರ್ ರಜೆಗೆ ಮಾದಾಪುರಕ್ಕೆ ಹೋದ ನಮ್ಮ ಹಾಸ್ಟೆಲ್ ಗೆಳೆಯ ವಾರ ತಡವಾಗಿ ವಾಪಸ್ ಬಂದ. ಅವನ ಅಜ್ಜಿಗೆ ಸಂಧಿವಾತ. ವಾರಕ್ಕೊಂದು ದಿನ ಮಾತ್ರ ತಗೋಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಅವರು ದಿನಾ ನುಂಗಿಬಿಟ್ಟಿದ್ದರು. ಬಾಯೆಲ್ಲ ಹುಣ್ಣಾದ ಮೇಲೇ ಮನೆಯವರಿಗೆ ಗೊತ್ತಾದದ್ದು. ಮಡಿಕೇರಿಯಲ್ಲಿ ಡಾಕ್ಟರು ಫೋಲಿನಿಕ್ ಆಮ್ಲ ಕೊಟ್ಟರು, ಅಜ್ಜಿ ಉಳಿದರು. ಈ ಮಾತ್ರೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದವರು ಯಲ್ಲಾಪ್ರಗಡ ಸುಬ್ಬರಾವ್.

ಅವರು ಹುಟ್ಟಿದ್ದು 1895ರ ಜನವರಿ 12ರಂದು, ಆಂಧ್ರದ ಭೀಮವರಂನಲ್ಲಿ. ಬ್ಯಾಕ್‌ಲಾಗ್ ಇರುವ ಗೆಳೆಯರು ಗಮನಿಸಿ: ಅವರು ಮೆಟ್ರಿಕ್ ಪಾಸಾದದ್ದು ಮೂರನೇ ಸಲ! ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಗಾಂಧೀಜಿಯ ಪ್ರಭಾವದಿಂದ ಖಾದಿ ಗೌನ್ ತೊಟ್ಟರು. ಅದು ಬ್ರಿಟಿಷ್ ಪ್ರೊಫೆಸರಿಗೆ ಸಿಟ್ಟು ತರಿಸಿತು. ಕೊನೆಗೆ ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟ್ ಸಿಕ್ಕಿತು. ಸ್ಪ್ರೂ ಎಂಬ ಕರುಳಿನ ರೋಗಕ್ಕೆ ಇಬ್ಬರು ಒಡಹುಟ್ಟಿದವರನ್ನು ಕೆಲವೇ ದಿನಗಳ ಅಂತರದಲ್ಲಿ ಕಳೆದುಕೊಂಡರು. ಆ ನೋವು ಅವರ ಜೊತೆಗೇ ಉಳಿಯಿತು.

1920ರ ದಶಕದಲ್ಲಿ ಬಾಸ್ಟನ್‌ಗೆ ಹೋದರು. ಖರ್ಚಿಗೆ ಆಸ್ಪತ್ರೆಯಲ್ಲಿ ರಾತ್ರಿ ಕೆಲಸ, ಹಗಲು ಓದು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. 1929ರಲ್ಲಿ ಜೀವಕೋಶದ ಇಂಧನವಾದ ಎಟಿಪಿಯನ್ನು ಸ್ನಾಯುವಿನಲ್ಲಿ ಗುರುತಿಸಿದರು. ಪಿಯುಸಿ ಬಯಾಲಜಿಯಲ್ಲಿ ನಾವು ಉರು ಹೊಡೆದದ್ದು ಇದೇ ಎಟಿಪಿ. ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ.

1940ರಲ್ಲಿ ಲೆಡರ್ಲಿ ಕಂಪನಿ ಸೇರಿದರು. ಅವರ ತಂಡ ಫೋಲಿಕ್ ಆಮ್ಲವನ್ನು ಲ್ಯಾಬಿನಲ್ಲೇ ತಯಾರಿಸಿತು. ಅವರ ಒಡಹುಟ್ಟಿದವರನ್ನು ಕೊಂದ ಸ್ಪ್ರೂಗೆ ಅದು ಮದ್ದಾಯಿತು. ಕಲಬುರಗಿ ಕಡೆ ಮನೆಮನೆಗೆ ಹಂಚುತ್ತಾ ಬಂದ ಆನೆಕಾಲು ರೋಗದ ಡಿಇಸಿ ಮಾತ್ರೆಯೂ ಇದೇ ಲ್ಯಾಬಿನದು.

ಆಮೇಲೆ ಅದೇ ತಂಡ ಫೋಲಿಕ್ ಆಮ್ಲದ ನಕಲಿ ಕೀಲಿ ಮಾಡಿತು. ನಕಲಿ ಕೀಲಿ ಬೀಗದೊಳಗೆ ಸಿಕ್ಕಿಹಾಕಿಕೊಂಡರೆ ಬಾಗಿಲು ತೆರೆಯುವುದಿಲ್ಲ. ಹಾಗೇ ಈ ಔಷಧ ಜೀವಕೋಶದ ಒಂದು ಕಿಣ್ವದೊಳಗೆ ಕೂತು, ಕೋಶ ಇಬ್ಭಾಗವಾಗದಂತೆ ತಡೆಯುತ್ತದೆ. ಇದರಲ್ಲಿ ಒಂದಾದ ಅಮಿನೋಪ್ಟೆರಿನ್ ಅನ್ನು ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಸ್ವಲ್ಪ ಕಾಲ ಸುಧಾರಿಸಿದರು. ಆ ವರದಿ ಬಂದದ್ದು 1948ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು, ವಯಸ್ಸು 53. ಊರಿಗೆ ಮರಳಲೇ ಇಲ್ಲ.

ಅಮಿನೋಪ್ಟೆರಿನ್‌ನ ತಮ್ಮನೇ ಮೆಥೊಟ್ರೆಕ್ಸೇಟ್. ಹೆಚ್ಚಾದರೆ ಆರೋಗ್ಯವಂತ ಕೋಶಗಳನ್ನೂ ಬಿಡುವುದಿಲ್ಲ. ಫೋಲಿಕ್ ಆಮ್ಲದ ಹತ್ತಿರದ ನೆಂಟನಾದ ಫೋಲಿನಿಕ್ ಆಮ್ಲ, ಆ ಸಿಕ್ಕಿಕೊಂಡ ಬೀಗವನ್ನು ಬಿಟ್ಟು ಹಿಂಬಾಗಿಲಿನಿಂದ ಕೋಶಕ್ಕೆ ಆಹಾರ ತಲುಪಿಸುತ್ತದೆ. ಅಜ್ಜಿ ಉಳಿದದ್ದು ಹಾಗೆ. ಕ್ಯಾನ್ಸರಿಗೆ ದೊಡ್ಡ ಡೋಸ್ ಕೊಟ್ಟಾಗ ಕಿಡ್ನಿ ಕೈಕೊಟ್ಟರೆ ಇಷ್ಟು ಸಾಲದು. ಅಂಥವರಿಗೆ 2012ರಲ್ಲಿ ಅಮೆರಿಕ ಗ್ಲುಕಾರ್ಪಿಡೇಸ್ ಎಂಬ ಕಿಣ್ವವನ್ನು ಒಪ್ಪಿತು. ಬ್ಯಾಕ್ಟೀರಿಯಾ ಮೂಲದ ಈ ಕಿಣ್ವ ಮೆಥೊಟ್ರೆಕ್ಸೇಟ್‌ನ ಬಾಲ ಕತ್ತರಿಸುತ್ತದೆ. 15 ನಿಮಿಷದಲ್ಲಿ ರಕ್ತದಲ್ಲಿರುವ ಔಷಧ ಶೇ. 95ಕ್ಕಿಂತ ಹೆಚ್ಚು ಇಳಿಯುತ್ತದೆ. ಕೊಕೇನ್, ನಿಕೋಟಿನ್‌ಗಳನ್ನು ಮಿದುಳು ಮುಟ್ಟುವ ಮೊದಲೇ ರಕ್ತದಲ್ಲಿ ತುಂಡರಿಸುವ ಕಿಣ್ವಗಳ ಮೇಲೂ ಸಂಶೋಧನೆ ನಡೆದಿದೆ. ಅವಿನ್ನೂ ಮೆಡಿಕಲ್ ಶಾಪಿಗೆ ಬಂದಿಲ್ಲ.

ಎಂಜಿನ್ ಕಟ್ಟುವವರು ಬ್ರೇಕನ್ನೂ ಯೋಚಿಸಬೇಕು ಅಂತ ನಮಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದಾರೆ. ಸುಬ್ಬರಾವ್ ತಂಡದ ಕೆಲಸದಿಂದ ಎರಡೂ ಹುಟ್ಟಿದವು. ನಿಮ್ಮನೆಯಲ್ಲೂ ಯಾರಾದರೂ ಈ ಮಾತ್ರೆ ತಗೋತಿದ್ದರೆ ಇವತ್ತೇ ಫೋನ್ ಮಾಡಿ, ಡಾಕ್ಟರು ಹೇಳಿದ ವಾರ ಯಾವುದೆಂದು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಮಾದಾಪುರದ ಅಜ್ಜಿಯ ಕ್ಯಾಲೆಂಡರಿನಲ್ಲಿ ಈಗ ಪ್ರತಿ ಭಾನುವಾರಕ್ಕೂ ಕೆಂಪು ಸುತ್ತು ಇದೆ.