ಲೋಕವು ಎದುರುನೋಡಿದ ಯಂತ್ರ: ನಿಕೋಲಾ ಟೆಸ್ಲಾನ ಜೀವನ

1930ರ ದಶಕದಲ್ಲಿ ಜುಲೈ 10 ಬಂತೆಂದರೆ ನ್ಯೂಯಾರ್ಕ್ ನಗರದ ಪತ್ರಿಕಾ ವರದಿಗಾರರು ಹೋಟೆಲೊಂದರಲ್ಲಿ ಏಕಾಂಗಿಯಾಗಿ ವಾಸಿಸುತ್ತಿದ್ದ ಒಬ್ಬ ವೃದ್ಧನನ್ನು ಕಾಣಹೋಗುವುದು ವಾಡಿಕೆಯಾಗಿತ್ತು. ಅಂದು ಆತನ ಜನ್ಮದಿನ. ಆರಡಿಗೂ ಮಿಕ್ಕಿದ ನಿಲುವು, ಕೃಶವಾದ ಶರೀರ, ಎಂದೂ ಮಾಸದ ಉಡುಪು. ಆ ವೃದ್ಧನು ತಾನು ಸಿದ್ಧಪಡಿಸಿರುವ ಹೊಸದೊಂದು ಶೋಧದ ವಾರ್ತೆಯನ್ನು ಅವರಿಗೆ ಅರುಹುತ್ತಿದ್ದನು. ಒಂದು ವರ್ಷ ಯಾರೂ ಅರಿಯದ ಶಕ್ತಿಮೂಲ. ಮತ್ತೊಂದು ವರ್ಷ ಯುದ್ಧವನ್ನೇ ಇಲ್ಲವಾಗಿಸುವ ಅಸ್ತ್ರ. ಇನ್ನೊಂದು ವರ್ಷ ಗುರುತ್ವಾಕರ್ಷಣೆಯ ನೂತನ ಸಿದ್ಧಾಂತ. ಆದರೆ ಯಂತ್ರವು ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮರುದಿನದ ಪತ್ರಿಕೆಗಳ ತುಂಬ ಊಹೆಗಳು. ಈ ವೃದ್ಧನೇ ನಿಕೋಲಾ ಟೆಸ್ಲಾ.

ಬೇರೊಬ್ಬನು ಹೀಗೆ ನುಡಿದಿದ್ದರೆ ಲೋಕವು ನಕ್ಕು ಸುಮ್ಮನಾಗುತ್ತಿತ್ತು. ಟೆಸ್ಲಾನ ಮಾತನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. ಅಸಾಧ್ಯವೆಂದು ಪ್ರಾಧ್ಯಾಪಕರೇ ನಿರ್ಣಯಿಸಿದ್ದ ಒಂದು ಯಂತ್ರವನ್ನು ಆತನು ಹಿಂದೊಮ್ಮೆ ಮಾಡಿ ತೋರಿಸಿದ್ದನು, ಅದರಿಂದ ಲೋಕವು ಬದಲಾಗಿತ್ತು.

ಟೆಸ್ಲಾ ಹುಟ್ಟಿದ್ದು 1856ರಲ್ಲಿ, ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೂ ಇಂದು ಕ್ರೊಯೇಷಿಯಾಕ್ಕೂ ಸೇರಿರುವ ಸ್ಮಿಲಿಯಾನ್ ಎಂಬ ಹಳ್ಳಿಯ ಸರ್ಬಿಯನ್ ಕುಟುಂಬದಲ್ಲಿ. ತಂದೆ ಮಿಲುಟಿನ್ ಚರ್ಚಿನ ಪಾದ್ರಿ. ತಾಯಿ ಜೂಕಾ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮನೆಬಳಕೆಯ ಸಲಕರಣೆಗಳನ್ನು ತಾನೇ ರೂಪಿಸುವ ಕೈಚಳಕವೂ ದೀರ್ಘವಾದ ವೀರಗೀತೆಗಳನ್ನು ಬಾಯಿಪಾಠ ಹೇಳುವ ಸ್ಮರಣಶಕ್ತಿಯೂ ಆಕೆಗಿದ್ದವು. ಮಗನನ್ನು ಪಾದ್ರಿಯಾಗಿಸಬೇಕೆಂದಿದ್ದ ತಂದೆಯು, ಆತನು ಕಾಲರಾ ತಗುಲಿ ಸಾವಿನಂಚಿಗೆ ಹೋದಾಗ, ಬದುಕಿದರೆ ಎಂಜಿನಿಯರಿಂಗ್ ಓದಿಸುವೆನೆಂದು ಮಾತುಕೊಟ್ಟನು. ಮಗನು ಬದುಕಿದನು, 1875ರಲ್ಲಿ ಗ್ರಾಜ್ ನಗರದ ಪಾಲಿಟೆಕ್ನಿಕ್ ಸೇರಿದನು.

ತಾಯಿಯಿಂದ ಬಂದ ಸ್ಮರಣಶಕ್ತಿಯು ಮಗನಲ್ಲಿ ವಿಚಿತ್ರವಾದ ರೂಪ ತಾಳಿತ್ತು. ಯಂತ್ರವೊಂದನ್ನು ಕಾಗದದ ಮೇಲೆ ಬರೆಯದೆ, ಮಾದರಿಯನ್ನೂ ಮಾಡದೆ, ಅದರ ಪ್ರತಿಯೊಂದು ಭಾಗವನ್ನೂ ಮನಸ್ಸಿನಲ್ಲಿಯೇ ಕಟ್ಟಿ, ಅಲ್ಲಿಯೇ ಓಡಿಸಿ, ಎಲ್ಲಿ ಸವೆಯಿತೆಂಬುದನ್ನೂ ಅಲ್ಲಿಯೇ ಪರೀಕ್ಷಿಸಬಲ್ಲೆನೆಂಬುದು ಆತನ ನಂಬಿಕೆ. ಟೆಸ್ಲಾನ ಏಳಿಗೆಗೂ ಮುಂದಿನ ಸೋಲುಗಳಿಗೂ ಬೇರು ಈ ಒಂದೇ ಗುಣದಲ್ಲಿದೆ.

ಗ್ರಾಜಿನ ತರಗತಿಯಲ್ಲಿ ಏಕಮುಖ ಪ್ರವಾಹದ ಡೈನಮೊ ಒಂದನ್ನು ಮೋಟಾರಿನಂತೆ ಓಡಿಸಿ ತೋರಿಸುತ್ತಿದ್ದಾಗ ಅದರ ಕುಂಚಗಳಿಂದ ಕಿಡಿಗಳು ಹಾರುತ್ತಿದ್ದವು. ಕುಂಚಗಳೇ ಇಲ್ಲದೆ, ದಿಕ್ಕು ಬದಲಿಸುತ್ತಿರುವ ಪರ್ಯಾಯ ಪ್ರವಾಹದಿಂದಲೇ ಮೋಟಾರನ್ನು ನಡೆಸಬಾರದೇಕೆಂಬ ಶಂಕೆ ತರುಣ ಟೆಸ್ಲಾನಲ್ಲಿ ಮೂಡಿತು. ಪ್ರಾಧ್ಯಾಪಕ ಪೋಶಲ್ ಅದು ಎಂದಿಗೂ ಆಗದ ಕಾರ್ಯವೆಂದು ತರಗತಿಯ ಮುಂದೆಯೇ ವಿವರಿಸಿದನು. ಪದವಿಯನ್ನು ಪಡೆಯದೆಯೇ ಗ್ರಾಜನ್ನು ಬಿಟ್ಟರೂ ಟೆಸ್ಲಾ ಆ ಶಂಕೆಯನ್ನು ಬಿಡಲಿಲ್ಲ. 1882ರಲ್ಲಿ ಬುಡಾಪೆಸ್ಟ್ ನಗರದ ಉದ್ಯಾನದಲ್ಲಿ ಗೆಳೆಯನೊಡನೆ ನಡೆಯುತ್ತಿದ್ದಾಗ ಉತ್ತರವು ಥಟ್ಟನೆ ಹೊಳೆಯಿತೆಂದೂ, ಕೋಲಿನಿಂದ ಮರಳಿನ ಮೇಲೆ ಅದರ ಚಿತ್ರವನ್ನು ಗೀಚಿದನೆಂದೂ ಆತನೇ ಮುಂದೆ ಬರೆದಿದ್ದಾನೆ. ಉತ್ತರವು ಸರಳ. ಒಂದರ ಹಿಂದೊಂದು ಏರಿಳಿಯುವ ಎರಡು ಅಥವಾ ಮೂರು ಪ್ರವಾಹಗಳನ್ನು ಸುತ್ತಲೂ ಜೋಡಿಸಿದ ಸುರುಳಿಗಳಲ್ಲಿ ಹರಿಯಿಸಿದರೆ ಕಾಂತಕ್ಷೇತ್ರವೇ ತಿರುಗತೊಡಗುತ್ತದೆ. ನಡುವಿನ ಚಕ್ರವು ಯಾವ ತಂತಿಯ ಸಂಪರ್ಕವೂ ಇಲ್ಲದೆ ಅದರ ಬೆನ್ನುಹತ್ತಿ ತಿರುಗುತ್ತದೆ. ಇಂದು ಹೊಲದ ಬಾವಿಯಿಂದ ನೀರೆತ್ತುವ ಮೂರು ಫೇಸಿನ ಪಂಪ್‌ಸೆಟ್ಟಿನೊಳಗೆ ನಡೆಯುವುದೂ ಇದೇ.

ಪ್ಯಾರಿಸ್ಸಿನಲ್ಲಿ ಎಡಿಸನ್ ಸಂಸ್ಥೆಯ ಚಾಕರಿ, 1884ರಲ್ಲಿ ಅಮೆರಿಕಾ ಪ್ರಯಾಣ, ಅಲ್ಲಿಯೂ ಎಡಿಸನ್ನನ ಬಳಿ ಕೆಲವು ತಿಂಗಳು ಕೆಲಸ, ಮನಸ್ತಾಪ, ಸ್ವಂತ ಉದ್ಯಮ, ಪಾಲುದಾರರಿಂದ ವಂಚನೆ: ಈ ವರ್ಷಗಳು ಕಷ್ಟದಲ್ಲಿಯೇ ಕಳೆದವು. 1886-87ರ ಚಳಿಗಾಲದಲ್ಲಿ ಟೆಸ್ಲಾ ನ್ಯೂಯಾರ್ಕಿನಲ್ಲಿ ಕೂಲಿಗೆ ಕಾಲುವೆ ಅಗೆದನು. ಅನಂತರ ಪೆಕ್ ಮತ್ತು ಬ್ರೌನ್ ಎಂಬ ಇಬ್ಬರು ಹಣ ಹೂಡಲು ಮುಂದೆ ಬಂದರು. 1888ರ ಮೇ 1ರಂದು ಪೇಟೆಂಟುಗಳು ದೊರೆತವು; ಅದೇ ತಿಂಗಳ 16ರಂದು ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಘದ ಮುಂದೆ ಟೆಸ್ಲಾ ತನ್ನ ಪದ್ಧತಿಯನ್ನೆಲ್ಲ ವಿವರಿಸಿದನು. ಆ ದಿನ ಆತನು ಏನನ್ನೂ ಬಚ್ಚಿಡಲಿಲ್ಲ. ಮಾದರಿಗಳಿದ್ದವು, ಚಿತ್ರಗಳಿದ್ದವು, ಕೇಳಿದವರು ಅಳೆಯಬಹುದಾಗಿತ್ತು, ಆಕ್ಷೇಪಿಸಬಹುದಾಗಿತ್ತು. ಜುಲೈ ತಿಂಗಳಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಈ ಹಕ್ಕುಗಳನ್ನು ಪಡೆದುಕೊಂಡನು. ಅವನ ಕಾರ್ಖಾನೆಯಲ್ಲಿ ಸ್ಕಾಟ್, ಲ್ಯಾಮ್ ಮುಂತಾದ ಎಂಜಿನಿಯರುಗಳು ಹಲವು ವರ್ಷ ದುಡಿದ ಮೇಲೆಯೇ ಮೋಟಾರು ಮಾರುಕಟ್ಟೆಗೆ ಯೋಗ್ಯವಾಯಿತು. ಇಟಲಿಯ ಫೆರಾರಿಸ್ ಇದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡು ಅದೇ 1888ರ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿದ್ದನೆಂಬುದನ್ನೂ ಮರೆಯಲಾಗದು. ಟೆಸ್ಲಾನನ್ನು ಹೊಗಳುವ ಭರದಲ್ಲಿ ಈ ಹೆಸರುಗಳನ್ನು ಅಳಿಸುವುದು ನ್ಯಾಯವಲ್ಲ.

1896ರ ನವೆಂಬರಿನಲ್ಲಿ ನಯಾಗರಾ ಜಲಪಾತದ ವಿದ್ಯುತ್ತು ಬಫೆಲೊ ನಗರವನ್ನು ತಲುಪಿತು. ಅದಾಗಿ ಆರು ವರ್ಷಕ್ಕೆ, 1902ರ ಜೂನ್ 30ರಂದು, ಕಾವೇರಿಯ ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಕನಸು ಕಂಡು, ಫಲ ಕಾಣುವ ಮೊದಲೇ ಕಣ್ಮುಚ್ಚಿದ ಆ ಯೋಜನೆಯ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು. ಆ ಸಂಸ್ಥೆಯೂ ವೆಸ್ಟಿಂಗ್‌ಹೌಸ್ ಸಂಸ್ಥೆಯೂ 1896ರಲ್ಲಿ ತಮ್ಮ ಪೇಟೆಂಟುಗಳನ್ನು ಪರಸ್ಪರ ಬಳಸುವ ಒಪ್ಪಂದ ಮಾಡಿಕೊಂಡಿದ್ದುದರಿಂದ ಟೆಸ್ಲಾನ ಬಹು ಫೇಸಿನ ಪದ್ಧತಿಯು ಕಾವೇರಿಯ ದಡವನ್ನೂ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದೂ ಅದೇ ವಿದ್ಯುತ್ತು.

ಟೆಸ್ಲಾನ ಮೊದಲ ಕೊಡುಗೆಯ ಕಥೆ ಇಷ್ಟು. ಅದು ಫಲ ಕೊಡುವ ಹೊತ್ತಿಗಾಗಲೇ ಆತನ ಮನಸ್ಸು ಬೇರೆಡೆಗೆ ಹೋಗಿತ್ತು. 1895ರ ಮಾರ್ಚಿನಲ್ಲಿ ಪ್ರಯೋಗಶಾಲೆಯು ಸುಟ್ಟು ಬೂದಿಯಾಗಿ ಬಹುಕಾಲದ ಉಪಕರಣಗಳೂ ಟಿಪ್ಪಣಿಗಳೂ ನಾಶವಾದವು. ಮರುವರ್ಷ ನ್ಯೂಯಾರ್ಕಿನಲ್ಲಿದ್ದ ಸ್ವಾಮಿ ವಿವೇಕಾನಂದರಿಗೂ ಟೆಸ್ಲಾನಿಗೂ ಪರಿಚಯವಾಯಿತು. ಆಕಾಶ, ಪ್ರಾಣ ಎಂಬ ವೇದಾಂತದ ಕಲ್ಪನೆಗಳು ಶೋಧಕನನ್ನು ಸೆಳೆದವು. ಜಡವೂ ಬಲವೂ ಮೂಲದಲ್ಲಿ ಒಂದೇ ಶಕ್ತಿಯೆಂಬುದನ್ನು ಗಣಿತದಿಂದ ಸಾಧಿಸಬಹುದೆಂದು ಆತನು ಭಾವಿಸಿರುವನೆಂದು ಸ್ವಾಮಿಗಳು 1896ರ ಒಂದು ಪತ್ರದಲ್ಲಿ ಭರವಸೆಯಿಂದ ಬರೆದರು. ಆ ಗಣಿತವು ಟೆಸ್ಲಾನಿಂದ ಬರಲಿಲ್ಲ. ದ್ರವ್ಯ ಮತ್ತು ಶಕ್ತಿಗಳ ಸಂಬಂಧವನ್ನು 1905ರಲ್ಲಿ ತೋರಿಸಿದವನು ಐನ್‌ಸ್ಟೈನ್. ಅವನ ಸಾಪೇಕ್ಷತಾ ಸಿದ್ಧಾಂತವನ್ನು ಟೆಸ್ಲಾ ಕಡೆಯವರೆಗೂ ಒಪ್ಪಲಿಲ್ಲವೆಂಬುದು ವಿಷಾದದ ಸಂಗತಿ.

1898ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ, ತಂತಿಯಿಲ್ಲದೆ ದೂರದಿಂದಲೇ ನಡೆಸಬಲ್ಲ ಪುಟ್ಟ ದೋಣಿಯೊಂದನ್ನು ಟೆಸ್ಲಾ ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟನು. 1899ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಎತ್ತರದ ಊರಿನಲ್ಲಿ ಕೃತಕ ಸಿಡಿಲುಗಳನ್ನು ಸೃಷ್ಟಿಸಿದನು. ಭೂಮಿಯನ್ನೇ ಗಂಟೆಯಂತೆ ಮಿಡಿಯಿಸಿ, ಜಗತ್ತಿನ ಯಾವ ಮೂಲೆಯಲ್ಲಾದರೂ ತಂತಿಯಿಲ್ಲದೆ ವಿದ್ಯುತ್ತನ್ನು ಪಡೆಯಬಹುದೆಂಬ ದೃಢನಿಶ್ಚಯದೊಡನೆ ಅಲ್ಲಿಂದ ಹಿಂದಿರುಗಿದನು. 1901ರಲ್ಲಿ ಬ್ಯಾಂಕರ್ ಜೆ. ಪಿ. ಮಾರ್ಗನ್ 1,50,000 ಡಾಲರು ಕೊಡಲೊಪ್ಪಿದನು. ಲಾಂಗ್ ಐಲೆಂಡಿನ ವಾರ್ಡನ್‌ಕ್ಲಿಫ್ ಎಂಬಲ್ಲಿ 187 ಅಡಿ ಎತ್ತರದ ಗೋಪುರ ಎದ್ದಿತು.

ಟೆಸ್ಲಾನ ಗುಟ್ಟುತನವು ಅವನಿಗೇ ಮುಳುವಾದದ್ದು ಇಲ್ಲಿ. ಮಾರ್ಗನ್ ಹಣ ಕೊಟ್ಟದ್ದು ಅಟ್ಲಾಂಟಿಕ್ ಸಾಗರದಾಚೆಗೆ ಸಂದೇಶ ಕಳುಹಿಸುವ ಕೇಂದ್ರಕ್ಕೆ. ಟೆಸ್ಲಾನ ಮನದಲ್ಲಿದ್ದದ್ದು ಇಡೀ ಭೂಮಂಡಲಕ್ಕೆ ಶಕ್ತಿಯನ್ನು ಹಂಚುವ ಯಂತ್ರ. 1901ರ ಡಿಸೆಂಬರಿನಲ್ಲಿ ಮಾರ್ಕೋನಿಯು ಎಷ್ಟೋ ಕಡಿಮೆ ವೆಚ್ಚದ ಉಪಕರಣದಿಂದ ಸಾಗರದಾಚೆಗೆ ಸಂಕೇತ ಕಳುಹಿಸಿದೆನೆಂದು ಸಾರಿದ ಮೇಲೆ, ಹಣವೂ ಮುಗಿದಾಗ, ಟೆಸ್ಲಾ ತನ್ನ ನಿಜವಾದ ಉದ್ದೇಶವನ್ನು ಮಾರ್ಗನ್ನನಿಗೆ ತಿಳಿಸಿ ಇನ್ನಷ್ಟು ನೆರವು ಬೇಡಿದನು. ಮಾರ್ಗನ್ ನಿರಾಕರಿಸಿದನು. ಎಲ್ಲರಿಗೂ ಬಿಟ್ಟಿ ವಿದ್ಯುತ್ತು ದೊರೆತರೆ ತನ್ನ ಲಾಭ ಹೋಗುವುದೆಂದು ಧನಿಕನು ಯಂತ್ರವನ್ನು ಕೊಂದನೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಆದರೆ ಹಣ ಬಂದಿದ್ದರೂ ಯಂತ್ರವು ಟೆಸ್ಲಾ ಎಣಿಸಿದಂತೆ ನಡೆಯುತ್ತಿರಲಿಲ್ಲ. ಹಾಗೆ ಚೆಲ್ಲಿದ ಶಕ್ತಿಯು ನೆಲದಲ್ಲಿಯೂ ಗಾಳಿಯಲ್ಲಿಯೂ ಹರಡಿ ನಷ್ಟವಾಗುವುದೇ ಹೊರತು, ದೂರದಲ್ಲಿ ಕಾದಿರುವವನ ಕೈಗೆ ಇಡಿಯಾಗಿ ಸಿಗುವುದಿಲ್ಲ. ಇದನ್ನು ಎತ್ತಿ ತೋರಿಸಬಲ್ಲ ಸಮಾನಸ್ಕಂಧರಾದ ಸಹೋದ್ಯೋಗಿಗಳು ಟೆಸ್ಲಾನ ಬಳಿ ಆಗ ಇರಲಿಲ್ಲ. ಮನಸ್ಸಿನೊಳಗೆ ಯಂತ್ರವು ಸೊಗಸಾಗಿಯೇ ಓಡುತ್ತಿತ್ತು. ಹೋಟೆಲಿನ ಸಾಲಕ್ಕೆ ಒತ್ತೆಯಾಗಿ ಹೋದ ಗೋಪುರವನ್ನು 1917ರಲ್ಲಿ ಕೆಡವಿದರು.

ಅಲ್ಲಿಂದ ಮುಂದೆ ಟೆಸ್ಲಾನನ್ನು ಕುರಿತ ಸುದ್ದಿಗಳಲ್ಲಿ ಯಂತ್ರಗಳು ಕಡಿಮೆಯಾಗಿ ವದಂತಿಗಳು ಹೆಚ್ಚಾದವು. 1915ರ ನವೆಂಬರಿನಲ್ಲಿ ಟೆಸ್ಲಾ ಮತ್ತು ಎಡಿಸನ್ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತೆಂದು ಪತ್ರಿಕೆಗಳು ಸಾರಿಯೇಬಿಟ್ಟವು. ಬಹುಮಾನ ಸಂದದ್ದು ಬ್ರ್ಯಾಗ್ ತಂದೆ-ಮಗನಿಗೆ. ಎಡಿಸನ್ನನ ಹೆಸರಿನ ಪದಕವು ಮಾತ್ರ 1917ರಲ್ಲಿ ಟೆಸ್ಲಾನಿಗೆ ದೊರೆಯಿತು. ಹೋಟೆಲಿನಿಂದ ಹೋಟೆಲಿಗೆ ಬಾಡಿಗೆ ಬಾಕಿಯುಳಿಸುತ್ತ ಸಾಗುವ ಬದುಕು ಆತನದಾಯಿತು. ಉದ್ಯಾನದ ಪಾರಿವಾಳಗಳಿಗೆ ಕಾಳು ಚೆಲ್ಲುವುದು ನಿತ್ಯನೇಮವಾಯಿತು. 1934ರಿಂದ ವೆಸ್ಟಿಂಗ್‌ಹೌಸ್ ಸಂಸ್ಥೆಯು ತಿಂಗಳಿಗೆ 125 ಡಾಲರನ್ನೂ ಕೋಣೆಯ ಬಾಡಿಗೆಯನ್ನೂ ಸದ್ದಿಲ್ಲದೆ ಕೊಡತೊಡಗಿತು.

1931ರಲ್ಲಿ ಎಪ್ಪತ್ತೈದು ತುಂಬಿದಾಗ ಟೈಮ್ ಪತ್ರಿಕೆಯು ಟೆಸ್ಲಾನ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಜನ್ಮದಿನದ ಘೋಷಣೆಗಳು ಬೆಳೆದದ್ದು ಆ ಬಳಿಕ. ಅವುಗಳಲ್ಲಿ ಲೋಕವನ್ನು ತಲ್ಲಣಗೊಳಿಸಿದ್ದು 1934ರದು: 250 ಮೈಲಿ ದೂರದಿಂದಲೇ ಶತ್ರುಗಳ 10,000 ವಿಮಾನಗಳನ್ನು ಉರುಳಿಸಬಲ್ಲ ಅಸ್ತ್ರ. ಪತ್ರಿಕೆಗಳು ಅದನ್ನು ಮರಣಕಿರಣವೆಂದು ಕರೆದವು. ಅದು ಕಿರಣವಲ್ಲ, ಕಿರಣವಾದರೆ ಹರಡಿ ಕ್ಷೀಣಿಸುತ್ತದೆ ಎಂದು ಟೆಸ್ಲಾ ತಿದ್ದುತ್ತಲೇ ಇದ್ದನು. ಕೋಟ್ಯಂತರ ವೋಲ್ಟುಗಳ ಒತ್ತಡದಿಂದ ಸೂಕ್ಷ್ಮವಾದ ಲೋಹದ ಕಣಗಳನ್ನು ಒಂದೇ ಎಳೆಯಾಗಿ ಚಿಮ್ಮಿಸುವುದು ಆತನ ಯೋಜನೆ. ಗಾಳಿಯು ಆ ಕಣಗಳನ್ನು ತಡೆಯದೆ ಬಿಡುವುದೇ ಎಂಬ ಪ್ರಶ್ನೆಗೆ ಪ್ರಯೋಗದ ಉತ್ತರವಿರಲಿಲ್ಲ. ಎರಡನೆಯ ಮಹಾಯುದ್ಧವು ಸಮೀಪಿಸುತ್ತಿದ್ದ ಆ ಕಾಲದಲ್ಲಿ ಟೆಸ್ಲಾ ಹಲವು ಸರಕಾರಗಳಿಗೆ ಬರೆದನು. ಹಣ ಕೊಟ್ಟದ್ದು ಸೋವಿಯತ್ ವ್ಯಾಪಾರ ಸಂಸ್ಥೆ ಆಮ್‌ಟಾರ್ಗ್ ಒಂದೇ, 25,000 ಡಾಲರು. ದೇಶದ ಪ್ರತಿ ಗಡಿಯಲ್ಲಿಯೂ ಇಂಥ ಕೇಂದ್ರವಿದ್ದರೆ ಯಾರೂ ಯಾರ ಮೇಲೂ ಏರಿಹೋಗಲಾರರೆಂಬ ಆ ವೃದ್ಧನ ಆಸೆಯಲ್ಲಿ ಕಪಟವಿರಲಿಲ್ಲ.

1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನ 33ನೆಯ ಮಹಡಿಯ ಕೋಣೆಯಲ್ಲಿ ಟೆಸ್ಲಾ ಒಬ್ಬನೇ ತೀರಿಕೊಂಡನು, ವಯಸ್ಸು 86. ಮರುದಿನ ಕೋಣೆಯನ್ನು ಶುಚಿಮಾಡಲು ಬಂದ ಸೇವಕಿ ಶವವನ್ನು ಕಂಡಳು. ಯುದ್ಧದ ಕಾಲ. ಮರಣಾಸ್ತ್ರದ ನಕ್ಷೆಗಳು ಶತ್ರುಗಳ ಕೈಸೇರಿಯಾವೆಂಬ ಭೀತಿಯಿಂದ, 1891ರಿಂದಲೇ ಅಮೆರಿಕದ ಪ್ರಜೆಯಾಗಿದ್ದವನ ಆಸ್ತಿಯನ್ನು ವಿದೇಶೀಯರ ಆಸ್ತಿಯ ಕಚೇರಿಯು ವಶಪಡಿಸಿಕೊಂಡಿತು. ಕಾಗದಪತ್ರಗಳನ್ನು ಪರೀಕ್ಷಿಸಲು ಬಂದವನು ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜಾನ್ ಜಿ. ಟ್ರಂಪ್, ಅತ್ಯಧಿಕ ವೋಲ್ಟೇಜಿನ ಯಂತ್ರಗಳಲ್ಲಿ ಆ ಕಾಲದ ನಿಪುಣ. ಆತನಿಗೆ ದೊರೆತದ್ದು ಬಹುಮಟ್ಟಿಗೆ ಊಹೆಗಳೂ ತಾತ್ತ್ವಿಕ ಚಿಂತನೆಗಳೂ. ಕಟ್ಟಿ ನಡೆಸಬಹುದಾದ ಹೊಸ ವಿಧಾನ ಯಾವುದೂ ಕಾಣಲಿಲ್ಲವೆಂದು ವರದಿ ಮಾಡಿದನು.

ಇನ್ನೊಂದು ವಸ್ತು ಉಳಿದಿತ್ತು. ಗವರ್ನರ್ ಕ್ಲಿಂಟನ್ ಎಂಬ ಹೋಟೆಲಿನಲ್ಲಿ, ಬಾಕಿಗೆ ಈಡಾಗಿ, ಹತ್ತು ಸಾವಿರ ಡಾಲರು ಬೆಲೆಯ ರಹಸ್ಯ ಅಸ್ತ್ರದ ಭಾಗವೆಂದೂ, ಅರಿಯದವರು ತೆರೆದರೆ ಅಪಾಯವೆಂದೂ ತಿಳಿಸಿ ಟೆಸ್ಲಾ ಒಂದು ಪೊಟ್ಟಣವನ್ನು ಬಿಟ್ಟಿದ್ದನು. ಹೋಟೆಲಿನವರು ಅದನ್ನು ತೋರಿಸಿ ದೂರ ಸರಿದರು. ಟ್ರಂಪ್ ಕಂದು ಕಾಗದದ ಸುತ್ತನ್ನು ಬಿಡಿಸಿ, ಒಳಗಿದ್ದ ಮರದ ಪೆಟ್ಟಿಗೆಯ ಮುಂದೆ ಕ್ಷಣಕಾಲ ಹಿಂಜರಿದು, ಮುಚ್ಚಳವನ್ನು ಎತ್ತಿದನು. ಒಳಗಿದ್ದದ್ದು ವೀಟ್‌ಸ್ಟನ್ ಸೇತುವೆಯ ಪ್ರಯೋಗಕ್ಕೆ ಬಳಸುವ ಹಳೆಯ ರೋಧಪೆಟ್ಟಿಗೆ. ಪದವಿಪೂರ್ವ ತರಗತಿಯ ವಿದ್ಯಾರ್ಥಿಯೂ ಕೈಯಲ್ಲಿ ಹಿಡಿದು ಬಲ್ಲ ಉಪಕರಣ.

ಊಹೆಗಳು ಅಲ್ಲಿಗೂ ನಿಲ್ಲಲಿಲ್ಲ. ಸರಕಾರವು ಏನನ್ನೋ ಅಡಗಿಸಿತೆಂಬ ಮಾತು ದಶಕಗಳ ಕಾಲ ನಡೆಯಿತು. ಅಮೆರಿಕದ ತನಿಖಾ ಇಲಾಖೆಯು 2016ರಲ್ಲಿ ತನ್ನ ಕಡತಗಳನ್ನು ಬಹಿರಂಗಪಡಿಸಿದ ಮೇಲೂ ನಡೆಯುತ್ತಿದೆ. ಟೆಸ್ಲಾನ ಕಾಗದಪತ್ರಗಳು 1950ರ ದಶಕದ ಆರಂಭದಲ್ಲಿಯೇ ಸೋದರಿಯ ಮಗ ಸಾವಾ ಕೊಸಾನೊವಿಚ್‌ನ ಪ್ರಯತ್ನದಿಂದ ಬೆಲ್‌ಗ್ರೇಡ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿದವು. ಕಾಂತಕ್ಷೇತ್ರದ ಸಾಂದ್ರತೆಯ ಮಾನಕ್ಕೆ 1960ರಲ್ಲಿ ಟೆಸ್ಲಾ ಎಂಬ ಹೆಸರನ್ನಿಟ್ಟರು. 1957ರಲ್ಲಿ ಅಮೆರಿಕದಿಂದ ತಂದ ಆತನ ಚಿತಾಭಸ್ಮವು, ಚಿನ್ನದ ಲೇಪವಿರುವ ಒಂದು ಗೋಳದೊಳಗೆ, ಆ ಸಂಗ್ರಹಾಲಯದಲ್ಲಿದೆ.