‘ವಿಜ್ಞಾನ’ದ ಸಂಪಾದಕ: ಬೆಳ್ಳಾವೆ ವೆಂಕಟನಾರಣಪ್ಪ

ಕನ್ನಡದ ವೈಜ್ಞಾನಿಕ ಕಥಾಸಾಹಿತ್ಯದ ಚರ್ಚೆ ಸಾಮಾನ್ಯವಾಗಿ ರಾಜಶೇಖರ ಭೂಸನೂರಮಠರ ಸುತ್ತ ಬೆಳೆಯುತ್ತದೆ. 1993ರಲ್ಲಿ ಬಾಳ ಫೋಂಡಕೆ ಅವರು ನ್ಯಾಷನಲ್ ಬುಕ್ ಟ್ರಸ್ಟಿಗಾಗಿ ಸಂಪಾದಿಸಿದ ಭಾರತೀಯ ವೈಜ್ಞಾನಿಕ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರ ಕಥೆಯೂ ಸೇರಿತು. ಆದರೆ ಇಂತಹ ಕಥೆ ಹುಟ್ಟಲು ವಿಜ್ಞಾನವನ್ನು ಹೇಳಬಲ್ಲ ಗದ್ಯವೂ ಅದನ್ನು ಓದಬಲ್ಲ ಬಳಗವೂ ಮೊದಲೇ ಇರಬೇಕಾಗುತ್ತದೆ. ಆ ಪೂರ್ವಸಿದ್ಧತೆಯ ಇತಿಹಾಸದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರಿಗೆ (1872–1943) ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲವೆಂದು ನನ್ನ ಭಾವನೆ.

ತುಮಕೂರು ಸೀಮೆಯ ಬೆಳ್ಳಾವೆ ಮೂಲದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದರು. ತರಗತಿಯಲ್ಲಿ ಬೋಧನೆ ಇಂಗ್ಲಿಷಿನಲ್ಲಿ. ಮನಸ್ಸು ಮಾತ್ರ ಕನ್ನಡದಲ್ಲಿ. 1915ರಲ್ಲಿ ಸ್ಥಾಪನೆಗೊಂಡ ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದು, ಅದರ ಕಾರ್ಯದರ್ಶಿಯೂ ಆದರು. ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದರು. ಕನ್ನಡದಲ್ಲಿ ವಿಜ್ಞಾನಕ್ಕೇ ಮೀಸಲಾದ ಮೊದಲ ಪತ್ರಿಕೆ ಅದು. ಅಂದು ಸಂಪಾದಕನ ಕೆಲಸ ಬಂದ ಬರಹವನ್ನು ತಿದ್ದುವುದಷ್ಟೇ ಆಗಿರಲಿಲ್ಲ. ಬರೆಯುವವರನ್ನು ಹುಡುಕಬೇಕು, ಅವರಿಗೆ ಪದಗಳನ್ನು ಒದಗಿಸಬೇಕು, ಪದಗಳು ಅರ್ಥವಾಗುವ ಓದುಗರನ್ನೂ ರೂಪಿಸಬೇಕು. ಪತ್ರಿಕೆ ಎರಡು ವರ್ಷಗಳಷ್ಟೇ ಬಾಳಿತು. ಅಲ್ಪಾಯುಷಿಯಾದರೂ, ವಿಜ್ಞಾನ ಕನ್ನಡಕ್ಕೆ ಒಗ್ಗದೆಂಬ ಅಂದಿನ ಸಂಶಯಕ್ಕೆ ಅದರ ಸಂಚಿಕೆಗಳೇ ಉತ್ತರವಾಗಿದ್ದವು.

ಪರಿಭಾಷೆಯ ವಿಚಾರದಲ್ಲಿ ಮಾತ್ರ ಒಂದು ತಕರಾರಿಗೆ ಅವಕಾಶವಿದೆ. ಹೊಸದುರ್ಗ ತಾಲ್ಲೂಕಿನ ನಮ್ಮ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800–01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕೆಲಸವನ್ನು ದಾಖಲಿಸಿದ್ದಾನೆ. ಕುಲುಮೆಯ ಮುಂದೆ ಗಾಜು ಕರಗಿಸುತ್ತಿದ್ದವರು ಇಂಗ್ಲಿಷಿನ ಹಂಗಿಲ್ಲದೆ ತಮ್ಮ ವಿದ್ಯೆಯನ್ನು ಮಕ್ಕಳಿಗೆ ಕಲಿಸಿದವರು. ‘ವಿಜ್ಞಾನ’, ‘ಜೀವವಿಜ್ಞಾನ’ ಎಂಬ ಹೆಸರುಗಳೇ ತೋರುವಂತೆ ವೆಂಕಟನಾರಣಪ್ಪನವರ ತಲೆಮಾರು ಸಂಸ್ಕೃತದತ್ತ ಕೈಚಾಚಿತು; ಕಸುಬಿನ ಮಾತುಗಳತ್ತ ಅಷ್ಟಾಗಿ ನೋಡಲಿಲ್ಲ. ಇದನ್ನು ಅವರೊಬ್ಬರ ಮೇಲಿನ ಆಕ್ಷೇಪವೆಂದು ತಿಳಿಯಬಾರದು. ಮುಂದೆ ಬಂದ ಪಠ್ಯಪುಸ್ತಕಗಳಲ್ಲೂ ಇದೇ ಜಾಡು ಮುಂದುವರಿಯಿತು.

ಪಂಪಭಾರತದ ಸಂಪಾದನೆಯಲ್ಲಿ ಅವರ ಶಿಸ್ತಿನ ಇನ್ನೊಂದು ಮುಖವನ್ನು ಕಾಣಬಹುದು. ಬಿ.ಎಲ್. ರೈಸರ 1898ರ ಮುದ್ರಣದ ನಂತರ ಪರಿಷತ್ತು 1931ರಲ್ಲಿ ಪ್ರಕಟಿಸಿದ ಆವೃತ್ತಿಯ ಹೊಣೆಯನ್ನು ಹೊತ್ತವರು ಭೌತವಿಜ್ಞಾನದ ಈ ಮೇಷ್ಟರೇ. ಅಳತೆಯ ಪಾಠ ಹೇಳಿದವರು ಪಾಠಾಂತರಗಳನ್ನು ತೂಗಿ ನೋಡುವ ಕೆಲಸಕ್ಕೂ ಕೈಹಾಕಿದರು. ನಮ್ಮ ಇಲಾಖೆಗಳಲ್ಲಿ ಗ್ರಂಥಸಂಪಾದಕ ವೆಂಕಟನಾರಣಪ್ಪನವರನ್ನು ಬಲ್ಲವರುಂಟು. ‘ವಿಜ್ಞಾನ’ದ ಸಂಪಾದಕರನ್ನು ಬಲ್ಲವರು ವಿರಳ. ಇಬ್ಬರನ್ನೂ ಒಬ್ಬರನ್ನಾಗಿ ಓದಿದವರು ಇನ್ನೂ ವಿರಳ.

1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. ಎರಡು ವರ್ಷಗಳ ಬಳಿಕ, ಅರವತ್ತೇಳರ ವಯಸ್ಸಿನಲ್ಲಿ, ತಮ್ಮ ಶಾಸ್ತ್ರವಲ್ಲದ ಶಾಸ್ತ್ರದಲ್ಲಿ ‘ಜೀವವಿಜ್ಞಾನ’ವನ್ನು ಪ್ರಕಟಿಸಿದರು. ಪತ್ರಿಕೆ ನಿಂತು ಆಗಲೇ ಇಪ್ಪತ್ತು ವರ್ಷಗಳಾಗಿದ್ದವು.