ಕಾರ್ಲೊ ಬ್ಲಾಸಿಸ್

ಕಾರ್ಲೊ ಬ್ಲಾಸಿಸ್ (ನವೆಂಬರ್ 4, 1797 – ಜನವರಿ 15, 1878) ಇಟಲಿಯ ನರ್ತಕ, ನೃತ್ಯಶಿಕ್ಷಕ ಹಾಗೂ ನೃತ್ಯಶಾಸ್ತ್ರದ ಲೇಖಕ. ಗುರುವಿನ ಚಲನೆಯನ್ನು ನೋಡಿ ಅನುಕರಿಸುವುದೇ ಮುಖ್ಯ ಕಲಿಕೆಯಾಗಿದ್ದ ಕಾಲದಲ್ಲಿ, ಶರೀರರಚನೆ, ದೇಹಭಾರದ ಸಮತೋಲ ಮತ್ತು ರೇಖಾಗಣಿತಗಳ ಆಧಾರದ ಮೇಲೆ ಬ್ಯಾಲೆ ಬೋಧನೆಯನ್ನು ಕ್ರಮಬದ್ಧಗೊಳಿಸಿದವರಲ್ಲಿ ಈತ ಪ್ರಮುಖ. ಬಾಲ್‌ರೂಮಿನ ಸಾಮಾಜಿಕ ನೃತ್ಯದ ಬಗೆಗೂ ಈತ ಬರೆದಿದ್ದಾನೆ.

ಜೀವನ

ಹುಟ್ಟಿದ್ದು ನೇಪಲ್ಸ್ ನಗರದಲ್ಲಿ, ಸಂಗೀತಗಾರರ ಮನೆತನದಲ್ಲಿ. ನೃತ್ಯದೊಡನೆ ಸಾಹಿತ್ಯ, ಸಂಗೀತ, ಚಿತ್ರಕಲೆ, ಅಂಗರಚನಾಶಾಸ್ತ್ರಗಳ ಅಭ್ಯಾಸವೂ ನಡೆಯಿತು. ಹನ್ನೆರಡರ ಹರೆಯದಲ್ಲಿ ಮಾರ್ಸೇಯಲ್ಲಿ ರಂಗವೇರಿದ. ಮುಂದೆ ಪ್ಯಾರಿಸ್ಸಿನಲ್ಲಿ ಪಿಯೇರ್ ಗಾರ್ಡೆಲ್‌ನ ಮಾರ್ಗದರ್ಶನ ಪಡೆದು, ಮಿಲಾನಿನ ಲಾ ಸ್ಕಾಲಾ ಹಾಗೂ ಲಂಡನ್ನಿನ ರಂಗಮಂದಿರಗಳಲ್ಲಿ ನರ್ತಿಸಿದ. ಕಾಲಿಗಾದ ಗಾಯದಿಂದ ರಂಗಜೀವನ ಮೊಟಕಾಗಿ ಬೋಧನೆಯೇ ಮುಖ್ಯ ವೃತ್ತಿಯಾಯಿತು.

ದೇಹದ ಗಣಿತ

1820ರಲ್ಲಿ ಮಿಲಾನಿನಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದ ನೃತ್ಯಕಲೆಯ ಪ್ರಾಥಮಿಕ ಗ್ರಂಥ ಈತನಿಗೆ ಕೀರ್ತಿ ತಂದಿತು. ಅದರ ಚಿತ್ರಗಳಿಗೆ ಬ್ಲಾಸಿಸ್‌ನೇ ಮಾದರಿಯಾಗಿ ನಿಂತಿದ್ದ. ಕೆಲವು ಭಂಗಿಗಳ ಮೇಲೆ ಕೈಕಾಲುಗಳ ದಿಕ್ಕನ್ನು ತೋರುವ ಗೆರೆಗಳನ್ನು ಎಳೆಸಲಾಗಿತ್ತು. ಮಾಂಸಖಂಡ, ಉಡುಪುಗಳ ಗೊಂದಲವಿಲ್ಲದೆ ಕೋನ ಮತ್ತು ಲಂಬರೇಖೆಗಳನ್ನು ಮೊದಲು ಗ್ರಹಿಸಿದರೆ ವಿದ್ಯಾರ್ಥಿಯು ಭಂಗಿಯನ್ನು ಬೇಗ ಅರಿಯುತ್ತಾನೆಂಬುದು ಈತನ ನಿಲುವು. ತರಗತಿಯಲ್ಲಿ ಕಪ್ಪುಹಲಗೆಯನ್ನು ಬಳಸುವ ಯಾವ ಶಿಕ್ಷಕನಿಗೂ ಈ ಉಪಾಯದ ಬೆಲೆ ತಿಳಿಯುತ್ತದೆ.

ಒಂಟಿಕಾಲಿನಲ್ಲಿ ನಿಂತಾಗ ಕೊರಳ ಗುಳಿಯಿಂದ ಇಳಿಯುವ ಲಂಬರೇಖೆ ಭಾರ ಹೊತ್ತ ಪಾದದ ಮೇಲೆ ಬೀಳಬೇಕು. ಒಂದು ಕಾಲು ಹಿಂದಕ್ಕೆ ಚಾಚಿದರೆ ಮುಂಡವೂ ತೋಳುಗಳೂ ಆ ಭಾರವನ್ನು ತೂಗಬೇಕು. ಇಲ್ಲವಾದರೆ ನರ್ತಕ ಓಲಾಡುತ್ತಾನೆ. ಈ ವಿಚಾರದಲ್ಲಿ ಬ್ಲಾಸಿಸ್ ಲಿಯೊನಾರ್ಡೊ ಡ ವಿಂಚಿಯ ಬರಹಗಳನ್ನು ಆಧರಿಸಿದ್ದಾನೆ. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದೆ ಮಡಿಸಿ ಎತ್ತುವ ‘ಆಟಿಟ್ಯೂಡ್’ ಭಂಗಿಗೆ ಶಿಲ್ಪಿ ಜಾಂಬೊಲೊನ್ಯಾನ ಬುಧದೇವತೆಯ ವಿಗ್ರಹವನ್ನು ಮಾದರಿಯಾಗಿಟ್ಟುಕೊಂಡನು.

ಎಲ್ಲರ ದೇಹವೂ ಒಂದೇ ಬಗೆಯದಲ್ಲವೆಂಬುದಕ್ಕೆ ಈತ ಕೊಟ್ಟ ಮಹತ್ತ್ವ ಗಮನಾರ್ಹ. ಮೊಣಕಾಲುಗಳು ಒಳಕ್ಕೆ ಕೂಡಿಕೊಂಡವರು ನಯವಾದ ಚಲನೆಗೂ, ಕಾಲುಗಳು ಬಿಲ್ಲಿನಂತೆ ಹೊರಬಾಗಿದವರು ಬಲದ, ಚುರುಕಿನ ಚಲನೆಗೂ ಒಗ್ಗುವರು. ಶಿಕ್ಷಕನು ಇದನ್ನರಿತು ಪಾಠ ಹೇಳಬೇಕು. ಈ ವಿಂಗಡಣೆ ಬ್ಲಾಸಿಸ್‌ನ ಸ್ವಂತದ್ದಲ್ಲ. 1760ರಲ್ಲೇ ಜಾನ್ ಜಾರ್ಜ್ ನೊವೆರ್ ತನ್ನ ಪತ್ರರೂಪದ ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದನು. ಚದುರಿದ್ದ ತಿಳಿವಳಿಕೆಯನ್ನು ದಿನನಿತ್ಯದ ಪಾಠಕ್ರಮಕ್ಕೆ ಇಳಿಸಿದ್ದೇ ಬ್ಲಾಸಿಸ್‌ನ ನಿಜವಾದ ಸಾಧನೆ.

ಬಾಲ್‌ರೂಮ್ ನೃತ್ಯ

1828ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ‘ದಿ ಕೋಡ್ ಆಫ್ ಟರ್ಪ್ಸಿಕೋರಿ’ ಗ್ರಂಥದ ಕೊನೆಯ ಭಾಗ ಖಾಸಗಿ ನೃತ್ಯಕ್ಕೆ, ಎಂದರೆ ಮನೆ ಹಾಗೂ ಔತಣಕೂಟಗಳ ನೃತ್ಯಕ್ಕೆ ಮೀಸಲು. ನೇರವಾದ ನಿಲುವು, ಸಹಜವಾದ ತೋಳು, ನೆಲಕ್ಕೆ ಹತ್ತಿರವಾದ ಹೆಜ್ಜೆಗಳು ಇಲ್ಲಿ ಮುಖ್ಯ. ರಂಗದ ಎತ್ತರದ ಜಿಗಿತಗಳು ಹವ್ಯಾಸಿಗಳಿಗೆ ಸಲ್ಲವು.

ಶಿಷ್ಯಪರಂಪರೆ

1837ರಲ್ಲಿ ಲಾ ಸ್ಕಾಲಾದ ನೃತ್ಯಶಾಲೆಯ ನಿರ್ದೇಶಕನಾದ ಬ್ಲಾಸಿಸ್, ಅಲ್ಲಿ ನೃತ್ಯದೊಡನೆ ಮೂಕಾಭಿನಯದ ಪಾಠವನ್ನೂ ನಡೆಸಿದ. ಈತನ ಪತ್ನಿ ಅನ್ನುನ್ಸಿಯಾಟಾ ರಾಮಾಚ್ಚಿನಿಯೂ ಅಲ್ಲಿ ಬೋಧಿಸಿದಳು. ಶಿಷ್ಯ ಜೊವಾನ್ನಿ ಲೆಪ್ರಿಯ ಮೂಲಕ ಈ ಪದ್ಧತಿ ಎನ್ರಿಕೊ ಚೆಕ್ಕೆಟ್ಟಿಗೂ, ಚೆಕ್ಕೆಟ್ಟಿಯಿಂದ ಅನ್ನಾ ಪಾವ್ಲೊವಾಳಿಗೂ ತಲುಪಿತು. 1860ರ ದಶಕದ ಮೊದಲ ಭಾಗದಲ್ಲಿ ಬ್ಲಾಸಿಸ್ ಮಾಸ್ಕೋದಲ್ಲಿಯೂ ಕೆಲಸ ಮಾಡಿದನು. ಕೊಮೊ ಸರೋವರದ ದಡದ ಚೆರ್ನೊಬ್ಬಿಯೊದಲ್ಲಿ ನಿಧನನಾದನು.